ಬಡಿಸುವವರಿಲ್ಲದ ಪಂಕ್ತಿ

ನಮ್ಮೂರಲ್ಲಿ ಅರ್ಥ ಗೊತ್ತಿಲ್ಲದ ಮದ್ದು ಮೈಗೆ ಹತ್ತುವುದಿಲ್ಲ. ಮಾತ್ರೆ ನುಂಗಿದರೆ ಅದು ಹೊಟ್ಟೆಗೆ ಹೋಗುತ್ತದೆ, ಅಷ್ಟೇ. ಸೂಜಿ ಚುಚ್ಚಿದರೆ ನೋವಾಗುತ್ತದೆ, ಅಷ್ಟೇ. ಕಾಯಿಲೆಯ ಹೆಸರಿನ ಅರ್ಥವೇನು, ಮದ್ದಿನ ಹೆಸರಿನ ಅರ್ಥವೇನು, ಆ ಮದ್ದು ಒಳಗೆ ಹೋಗಿ ಏನು ಮಾಡುತ್ತದೆ ಎಂಬುದು ರೋಗಿಯ ತಲೆಯೊಳಗೆ ಕೂತ ಮೇಲೆಯೇ ಅದು ಕೆಲಸ ಶುರು ಮಾಡುವುದು. ಹೊರಗಿನಿಂದ ವರ್ಗವಾಗಿ ಬರುವ ಡಾಕ್ಟರುಗಳು ಮೊದಲ ತಿಂಗಳು ನಗುತ್ತಾರೆ, ಎರಡನೆಯ ತಿಂಗಳು ಸಿಟ್ಟು ಮಾಡಿಕೊಳ್ಳುತ್ತಾರೆ, ಮೂರನೆಯ ತಿಂಗಳಿಂದ ನನ್ನ ಕೋಣೆಗೆ ಚೀಟಿ ಕಳಿಸುತ್ತಾರೆ.

ಊರಿನವರಿಗೆ ಇದು ದೊಡ್ಡ ವಿಷಯವೇ ಅಲ್ಲ. ಮಗ್ಗಿ ಕಲಿಯುವ ವಯಸ್ಸಿಗೆ ಮಕ್ಕಳು ಪ್ಯಾರಾಸಿಟಮಾಲ್ ಕಲಿತಿರುತ್ತಾರೆ. ಚಾ ಅಂಗಡಿಯಲ್ಲಿ ಇಬ್ಬರು ಜಗಳವಾಡುತ್ತಿದ್ದರೆ ಅದು ಚುನಾವಣೆಯ ಬಗ್ಗೆ ಇರಬಹುದು, ಆಮ್ಲ ಮತ್ತು ಪ್ರತ್ಯಾಮ್ಲದ ಬಗ್ಗೆಯೂ ಇರಬಹುದು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ. "ಓಆರ್‌ಎಸ್ ಅಂದ್ರೆ ಏನಮ್ಮಾ?" ಎಂದು ಕೇಳುತ್ತಾರೆ. ಎಳೆಗೂಸಿಗೆ ಅರ್ಥ ಹೇಳಲಾಗುವುದಿಲ್ಲ, ಪ್ರಜ್ಞೆ ತಪ್ಪಿದವರಿಗೂ ಆಗುವುದಿಲ್ಲ. ಆಗ ಮನೆಯವರೊಬ್ಬರು ಅವರ ಬದಲಿಗೆ ಅರ್ಥ ಹೊರಬೇಕು. ಹೊತ್ತ ಅರ್ಥ ಮೂರು ದಿನ ನಡೆಯುತ್ತದೆ. ಅಷ್ಟರೊಳಗೆ ರೋಗಿ ಎಚ್ಚರಾದರೆ ಅದನ್ನು ತಾನೇ ಇಳಿಸಿಕೊಳ್ಳಬೇಕು.

ಸರ್ಕಾರಿ ಆಸ್ಪತ್ರೆಯ ಅರ್ಥದ ಕೋಣೆಗೆ ನಾನು ಗುಮಾಸ್ತನಾಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಹಾಸ್ಟೆಲಿನ ಲೈಬ್ರರಿಯಲ್ಲಿ ಕಾದಂಬರಿಗಳನ್ನೆಲ್ಲ ಸೀನಿಯರುಗಳು ಹೊತ್ತೊಯ್ದಿದ್ದರು. ಉಳಿದಿದ್ದು ವಿಜ್ಞಾನದ ಪದಕೋಶಗಳು ಮಾತ್ರ. ಬೇರೆ ಏನೂ ಇಲ್ಲದ್ದಕ್ಕೆ ಅವನ್ನೇ ಓದಿದೆ. ಅದರಿಂದ ಈ ಕೆಲಸ ಸಿಕ್ಕಿತು. ಕೆಲಸದ ಪದ್ಧತಿ ಹಳೆಯದು. ರೋಗಿ ಸ್ಟೂಲಿನ ಮೇಲೆ ಕೂರಬೇಕು, ನಾನು ಅರ್ಥ ಹೇಳಬೇಕು. ಆಮೇಲೆ ರೋಗಿ ಅದನ್ನು ಇನ್ನೊಬ್ಬರಿಗೆ ಹೇಳಬೇಕು. ಆ ಇನ್ನೊಬ್ಬರು ಸಾಕ್ಷಿ. ಸಾಕ್ಷಿಗೆ ಆ ಪದ ಗೊತ್ತಿರಬಾರದು, ಅವರು ಒಂದು ಪ್ರಶ್ನೆಯನ್ನಾದರೂ ಕೇಳಬೇಕು, ರೋಗಿ ಅದಕ್ಕೆ ಉತ್ತರ ಕೊಡಬೇಕು. ಸಾಕ್ಷಿ ತಲೆಯಾಡಿಸಿದರೆ ನಾನು ಚೀಟಿಗೆ ಸೀಲು ಹಾಕುತ್ತೇನೆ.

ನನಗಿಂತ ಮುಂಚೆ ಇದ್ದ ಮಾಸ್ತರರು ಒಬ್ಬ ರೋಗಿಗೆ ಅರ್ಧ ದಿನ ತೆಗೆದುಕೊಳ್ಳುತ್ತಿದ್ದರಂತೆ. ಸಾಕ್ಷಿಗೆಂದು ಗೇಟಿನಾಚೆ ಹೋಗಿ ದಾರಿಹೋಕರನ್ನು ಕರೆತರುತ್ತಿದ್ದರಂತೆ. ಕ್ಯೂ ಬೇವಿನ ಮರದವರೆಗೆ ಬೆಳೆಯುತ್ತಿತ್ತು. ನಾನು ಅದನ್ನು ಸರಿ ಮಾಡಿದೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕುನೂರ ಹನ್ನೆರಡು ಪದಗಳಿಗೆ ಅರ್ಥ ಬರೆದಿಟ್ಟೆ. ಒಂದೊಂದಕ್ಕೂ ಮೂರು ಸಾಲು, ಹೆಚ್ಚಿಲ್ಲ. ಸಾಕ್ಷಿಗೆ ವಾರ್ಡಿನ ಅಟೆಂಡರ್ ಕೊಟ್ರಪ್ಪನನ್ನು ಕಾಯಂ ಮಾಡಿದೆ. ಕೊಟ್ರಪ್ಪ ನಾಲ್ಕುನೂರ ಹನ್ನೆರಡನ್ನೂ ಎಷ್ಟೋ ಸಲ ಕೇಳಿದ್ದವನು. ರೋಗಿ ಬಾಯಿ ತೆರೆಯುವ ಮೊದಲೇ ತಲೆಯಾಡಿಸುತ್ತಿದ್ದ. ಜ್ವರ, ಜಂತು, ಕೆಮ್ಮು, ಕಜ್ಜಿ ಎಲ್ಲ ಹೀಗೇ ನಡೆದವು. ಅವುಗಳ ಅರ್ಥ ಜನಕ್ಕೆ ಮನೆಯಲ್ಲೇ ಗೊತ್ತಿತ್ತು, ನನ್ನದೇನೂ ಹೆಚ್ಚುಗಾರಿಕೆ ಇರಲಿಲ್ಲ. ಆಗ ಅದು ನನಗೆ ಹೊಳೆದಿರಲಿಲ್ಲ. ಕ್ಯೂ ಕರಗಿದ್ದನ್ನು ನೋಡಿ ನನ್ನ ತಲೆ ತಿರುಗಿತ್ತು.

ಸಿದ್ದೇಶ್ವರಿ ಬಂದದ್ದು ಒಂದು ಸೋಮವಾರ. ಹತ್ತೊಂಬತ್ತು ವರ್ಷದ ಹುಡುಗಿ, ಎಲ್ಲರೂ ಸಿದ್ದಿ ಎನ್ನುತ್ತಿದ್ದರು. ಪಿಯುಸಿಯಲ್ಲಿ ಊರಿಗೇ ಮೊದಲು ಬಂದಿದ್ದಳು. ಎರಡು ತಿಂಗಳಲ್ಲಿ ಹತ್ತು ಕೆಜಿ ಇಳಿದಿದ್ದಳು, ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು, ಕುಡಿದದ್ದೆಲ್ಲ ಹಾಗೇ ಹೊರಗೆ ಹೋಗುತ್ತಿತ್ತು. ನಸೀಮಾ ಡಾಕ್ಟರು ಬೆರಳು ಚುಚ್ಚಿ ನೋಡಿ ಅವಳನ್ನು ಕೂಡಲೇ ವಾರ್ಡಿಗೆ ಸೇರಿಸಿ ನನಗೆ ಚೀಟಿ ಕಳಿಸಿದರು. ಚೀಟಿಯಲ್ಲಿ ಎರಡೇ ಪದ: ಡಯಾಬಿಟಿಸ್, ಇನ್ಸುಲಿನ್.

ನಾನು ನೋಟ್‌ಬುಕ್ ತೆಗೆದು ಓದಿದೆ. ಡಯಾಬಿಟಿಸ್ ಮೆಲಿಟಸ್: ಮೊದಲ ಪದಕ್ಕೆ ಗ್ರೀಕಿನಲ್ಲಿ ಹಾದುಹೋಗುವುದು ಎಂದರ್ಥ, ಎರಡನೆಯದಕ್ಕೆ ಲ್ಯಾಟಿನ್ನಿನಲ್ಲಿ ಜೇನಿನಂತೆ ಸಿಹಿಯಾದದ್ದು ಎಂದರ್ಥ. ಇನ್ಸುಲಿನ್: ಲ್ಯಾಟಿನ್ನಿನ ಇನ್ಸುಲ ಎಂದರೆ ದ್ವೀಪ. ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಹರಡಿರುವ ಜೀವಕೋಶಗಳು ಸ್ರವಿಸುವ ಹಾರ್ಮೋನು. ರಕ್ತದಲ್ಲಿರುವ ಗ್ಲೂಕೋಸನ್ನು ಜೀವಕೋಶಗಳು ಹೀರಿಕೊಳ್ಳಲು ನೆರವಾಗುತ್ತದೆ.

ಸಿದ್ದಿ ಒಂದೇ ಸಲಕ್ಕೆ ಹಿಡಿದಳು. ಕಣ್ಣು ಮುಚ್ಚಿ, ಒಂದಕ್ಷರ ತಪ್ಪದೆ, ನಾನು ಉಸಿರು ತೆಗೆದುಕೊಂಡ ಜಾಗದಲ್ಲೇ ತಾನೂ ಉಸಿರು ತೆಗೆದುಕೊಂಡು ಒಪ್ಪಿಸಿದಳು. ನನಗೆ ಖುಷಿಯಾಯಿತು. ಹಾಸ್ಟೆಲಿನಲ್ಲಿ ನಾನೂ ಹಾಗೇ ಓದಿದವನು. ಕೊಟ್ರಪ್ಪ ತಲೆಯಾಡಿಸಿದ. ನಾಲ್ಕು ನಿಮಿಷದಲ್ಲಿ ಸೀಲು ಬಿತ್ತು.

ಬುಧವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ನಸೀಮಾ ಡಾಕ್ಟರು ಕೋಣೆಯ ಮುಂದೆ ನಿಂತಿದ್ದರು. ಕೈಯಲ್ಲಿ ನನ್ನ ಸೀಲಿನ ಚೀಟಿ.

"ಇದು ನಿಮ್ಮದೇ ತಾನೇ?"

"ಹೌದು ಮೇಡಂ."

"ಎರಡು ದಿನದಿಂದ ಇನ್ಸುಲಿನ್ ಕೊಡ್ತಿದೀನಿ. ನೀರು ಕೊಟ್ಟ ಹಾಗಿದೆ. ಸಕ್ಕರೆ ನಾನೂರ ಎಂಬತ್ತರಿಂದ ಕೆಳಗೆ ಇಳೀತಿಲ್ಲ. ಈಗ ಮಂಪರು ಬಂದಿದೆ, ಕರೆದರೆ ಅರ್ಧಂಬರ್ಧ ಕಣ್ಣು ಬಿಡ್ತಾಳೆ."

"ಒಂದಕ್ಷರ ತಪ್ಪದೆ ಹೇಳಿದ್ಲು ಮೇಡಂ."

"ನಾನು ಅದನ್ನ ಕೇಳಲಿಲ್ಲ. ಅರ್ಥ ಆಗಿತ್ತಾ?"

ಅವರು ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು. "ಸಲೈನ್ ಓಡ್ತಿದೆ. ಉಪ್ಪುನೀರು ಅಂತ ಊರಿಗೆಲ್ಲ ಗೊತ್ತಿರೋದಕ್ಕೆ ಅದಾದ್ರೂ ಹತ್ತಿದೆ. ಅದರ ಮೇಲೆ ಎಷ್ಟು ಹೊತ್ತು ನಡೆಸೋಕಾಗತ್ತೆ? ಮಧ್ಯಾಹ್ನದೊಳಗೆ ಇನ್ಸುಲಿನ್ ಹಿಡೀಬೇಕು. ಅವಳಿಗೆ ಹೇಳೋ ಕಾಲ ಮುಗೀತು. ಮನೆಯವರ ಮೇಲೆ ಹೊರಿಸಿ."

ಕೊಟ್ರಪ್ಪ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಸಾರ್, ನಾನು ತಲೆ ಆಡಿಸ್ದೆ ಅಷ್ಟೇಯ. ಆಡ್ಸು ಅಂದೋರು ನೀವು," ಎಂದ. ಅವನು ಹೇಳಿದ್ದು ನಿಜ. ತಪ್ಪು ಯಾರದ್ದೆಂದು ಹುಡುಕಲು ಕೋಣೆಯಿಂದ ಆಚೆ ಹೋಗಬೇಕಾಗಿರಲಿಲ್ಲ.

ಸಿದ್ದಿಗೆ ಇದ್ದವಳು ತಾಯಿಯೊಬ್ಬಳೇ, ಹಾಲಮ್ಮ. ಮದುವೆ ಛತ್ರಗಳಲ್ಲಿ ಅಡುಗೆ ಮಾಡಿಸುವ ಹೆಂಗಸು. ಎಂಟುನೂರು ಜನಕ್ಕೆ ಎಷ್ಟು ಸೇರು ಬೇಳೆ ಎಂದು ಬೆರಳಲ್ಲೇ ಲೆಕ್ಕ ಹಾಕುವವಳು, ಓದು ಬರಹ ಬಾರದವಳು. ವಾರ್ಡಿನಲ್ಲಿ ಮಗಳ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಸಿದ್ದಿ ಓಡಿ ಬಂದವಳಂತೆ ಆಳವಾಗಿ ಉಸಿರಾಡುತ್ತಿದ್ದಳು. ನಾನು ಸ್ಟೂಲು ತಂದು ಹಾಲಮ್ಮನ ಮುಂದಿಟ್ಟೆ. ಅವಳು ಅದರ ಮೇಲೆ ಕೂರಲಿಲ್ಲ.

"ನೀನೇ ಏನಪ್ಪ ಸೀಲು ಹಾಕ್ದೋನು?"

"ಹೂಂ."

"ನೋಡಿದ್ರೆ ಹುಡುಗ. ಹೇಳು ಮತ್ತೆ, ಏನ್ ಹೇಳ್ತಿಯೋ."

ನಾನು ನೋಟ್‌ಬುಕ್ ತೆಗೆದೆ. ಅಷ್ಟಾದ ಮೇಲೂ ಬುದ್ಧಿ ಬಂದಿರಲಿಲ್ಲ. ಇನ್ಸುಲ ಎಂದರೆ ದ್ವೀಪ ಎಂದು ಶುರು ಮಾಡಿದೆ.

"ದ್ವೀಪ ಅಂದ್ರೆ?"

"ಸುತ್ತ ನೀರು, ನಡುವೆ ನೆಲ."

"ನನ್ ಮಗಳ ಹೊಟ್ಟೆಯಾಗೆ ನೀರೈತಾ?"

"ಇಲ್ಲ."

"ನೆಲ ಐತಾ?"

"ಇಲ್ಲ."

"ಮತ್ತೆ ಅದನ್ ಯಾಕ್ ಹೇಳ್ದೆ?"

ಪಕ್ಕದ ಮಂಚದಲ್ಲಿ ಯಾರೋ ಕಿಸಕ್ಕೆಂದರು. ನಾನು ನೋಟ್‌ಬುಕ್ ಮಡಚಿದೆ. ಮಡಚಿದ ಮೇಲೆ ಹೇಳಲು ನನ್ನ ಬಳಿ ಏನೂ ಉಳಿಯಲಿಲ್ಲ. ಆ ಪದವನ್ನು ಎಂಟು ವರ್ಷದಿಂದ ಬಲ್ಲೆ ಎಂದುಕೊಂಡಿದ್ದೆ. ಪುಸ್ತಕ ಮುಚ್ಚಿದರೆ ಅದು ನನಗೂ ಗೊತ್ತಿರಲಿಲ್ಲ.

"ನೀವೇ ಕೇಳಿ," ಎಂದೆ. "ಗೊತ್ತಿದ್ದರೆ ಹೇಳ್ತೀನಿ. ಗೊತ್ತಿಲ್ಲದಿದ್ದರೆ ಡಾಕ್ಟರನ್ನ ಕೇಳಿಕೊಂಡು ಬಂದು ಹೇಳ್ತೀನಿ."

ಹಾಲಮ್ಮ ನನ್ನನ್ನು ಒಂದು ಗಳಿಗೆ ನೋಡಿದಳು. ಅಕ್ಕಿಯಲ್ಲಿ ಕಲ್ಲಿದೆಯೇ ಎಂದು ನೋಡುವ ಹಾಗೆ. ಆಮೇಲೆ ಕೇಳಿದಳು. "ಸಕ್ಕರೆ ಜಾಸ್ತಿ ಆಗೈತೆ ಅಂತೀರಿ. ಜಾಸ್ತಿ ಆದ್ರೆ ಮೈ ತುಂಬ್ಕೋಬೇಕು. ಇವಳು ಯಾಕೆ ಸೊರಗಿದ್ಲು?"

"ಸಕ್ಕರೆ ರಕ್ತದಲ್ಲಿದೆ. ಮೈಯೊಳಗೆ ಹೋಗ್ತಿಲ್ಲ."

"ರಕ್ತ ಮೈಯೊಳಗೆ ಅಲ್ವಾ ಇರೋದು?"

ಮತ್ತೆ ಸಿಕ್ಕಿಬಿದ್ದೆ. ಯೋಚಿಸಿದೆ. "ಮೈ ಅಂದ್ರೆ ಒಂದೇ ಅಲ್ಲ ಕಣಮ್ಮ. ಕೋಟಿಗಟ್ಟಲೆ ಸಣ್ಣ ಸಣ್ಣ ಜೀವಗಳು ಸೇರಿ ಒಂದು ಮೈ. ಪ್ರತಿಯೊಂದಕ್ಕೂ ಹಸಿವಾಗತ್ತೆ. ರಕ್ತ ಅವುಗಳ ಮುಂದೆ ಹಾದುಹೋಗತ್ತೆ. ಆದರೆ ಅದರಲ್ಲಿರೋ ಸಕ್ಕರೇನ ಅವು ತಾವಾಗೇ ತಗೊಳ್ಳೋಕಾಗಲ್ಲ. ಇನ್ಸುಲಿನ್ ಬೇಕು."

"ಇವಳಿಗೆ ಅದು ಎಲ್ಲಿ ಹೋಯ್ತು?"

"ಅದನ್ನ ಮಾಡೋ ಜಾಗ ಹಾಳಾಗಿದೆ."

"ಯಾರು ಹಾಳು ಮಾಡಿದ್ರು?"

"ಅವಳ ಮೈಯೇ. ರೋಗದ ಮೇಲೆ ಬೀಳೋಕೆ ಇಟ್ಟಿರೋ ಕಾವಲು ತನ್ನ ಜಾಗದ ಮೇಲೇ ಬಿತ್ತು."

"ಯಾಕೆ ಬಿತ್ತು?" ಈ ಪ್ರಶ್ನೆಯನ್ನು ಅವಳು ಮೆಲ್ಲಗೆ ಕೇಳಿದಳು. "ಛತ್ರದಾಗೆ ಉಳಿದ ಲಾಡು, ಜಿಲೇಬಿ ಅಂತ ಚಿಕ್ಕೋಳಿದ್ದಾಗಿಂದ ತಂದು ತಿನ್ಸಿದೀನಿ. ಅದಕ್ಕಾ? ನಿಜ ಹೇಳು. ನಂಗೆ ಸಮಾಧಾನ ಬೇಡ."

ನಾನು ಎದ್ದು ನಸೀಮಾ ಡಾಕ್ಟರ ಬಳಿ ಓಡಿದೆ. ಕೇಳಿಕೊಂಡು ಬಂದೆ. "ಲಾಡಿನಿಂದ ಅಲ್ಲ. ಈ ಬಗೆಯದು ತಿಂದಿದ್ದರಿಂದ ಬರೋದಲ್ಲ. ಯಾಕೆ ಬರತ್ತೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ."

"ಡಾಕ್ಟರಿಗೂ?"

"ಡಾಕ್ಟರಿಗೂ."

ನನ್ನ ನಾಲ್ಕುನೂರ ಹನ್ನೆರಡು ಪದಗಳಲ್ಲಿ ಒಂದರ ಮುಂದೆಯೂ ಗೊತ್ತಿಲ್ಲ ಎಂದು ಬರೆದಿರಲಿಲ್ಲ. ಹೇಳಿದರೆ ರೋಗಿ ಕಂಗೆಡುತ್ತಾನೆ ಎಂದುಕೊಂಡಿದ್ದೆ. ಹಾಲಮ್ಮ ಕಂಗೆಡಲಿಲ್ಲ. ಅವಳ ಭುಜ ಎರಡು ಬೆರಳಿನಷ್ಟು ಕೆಳಗಿಳಿಯಿತು, ಅಷ್ಟೇ. ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಪ್ರಶ್ನೆ ಕೇಳಿದಳು.

"ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರ್ತೈತಲ್ಲ, ಅದೇನು?"

"ಸಕ್ಕರೆ ಸಿಗದಿದ್ದಾಗ ಮೈ ತನ್ನ ಕೊಬ್ಬನ್ನೇ ಉರಿಸ್ತದೆ. ಹಾಗೆ ಉರಿಸಿದಾಗ ಕೀಟೋನ್ ಅನ್ನೋ ಹುಳಿ ವಸ್ತು ಹುಟ್ಟತ್ತೆ. ರಕ್ತ ಎಲ್ಲ ಹುಳಿಯಾಗತ್ತೆ. ಆ ಹುಳೀನ ಹೊರಗೆ ಹಾಕೋಕೇ ಹೀಗೆ ಜೋರಾಗಿ ಉಸಿರಾಡ್ತಿರೋದು."

ಹಾಲಮ್ಮ ಮಗಳ ಕಾಲನ್ನು ಒತ್ತುತ್ತಾ ಕೂತಳು. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಏನಾದರೂ ಹೇಳೋಣವೆಂದು ನಾನು ಬಾಯಿ ತೆರೆದರೆ ಕೈಯೆತ್ತಿ ತಡೆದಳು. ಒಲೆಯ ಮೇಲಿನದು ಬೇಯುವವರೆಗೆ ಮುಚ್ಚಳ ತೆಗೆಯಬಾರದು ಎಂಬಂತೆ ಇತ್ತು ಆ ಕೈ. ಐದು ನಿಮಿಷವಾಯಿತು. ಹತ್ತಾಯಿತು. ನಾನು ಮಾಸ್ತರರ ಅರ್ಧ ದಿನವನ್ನು ನೆನೆಸಿಕೊಂಡೆ.

"ಸಾಕ್ಷಿ ಕರ್ಸು," ಎಂದಳು.

ಕೊಟ್ರಪ್ಪ ಮುಂದೆ ಬಂದ. "ನೀನಲ್ಲ," ಎಂದೆ. ಎಕ್ಸ್‌ರೇ ಕೋಣೆಯ ಮುಂದೆ ಕೈಗೆ ಪಟ್ಟಿ ಕಟ್ಟಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ವೀಳ್ಯದೆಲೆ ಮಾರುವ ಹನುಮಕ್ಕ. ಇನ್ಸುಲಿನ್ ಗೊತ್ತಾ ಎಂದು ಕೇಳಿದೆ. "ಅದ್ಯಾವ ಊರು?" ಎಂದಳು. ಅವಳನ್ನೇ ಕರೆತಂದೆ.

ಹಾಲಮ್ಮ ಸ್ಟೂಲಿನ ಮೇಲೆ ಕೂತಳು. ಇಬ್ಬರೂ ಎದುರುಬದುರಾದರು.

"ನೋಡವ್ವ," ಎಂದು ಹಾಲಮ್ಮ ಶುರು ಮಾಡಿದಳು. "ಛತ್ರದಾಗೆ ಮದುವೆ ಐತೆ ಅಂದ್ಕೋ. ಅಡಿಗೆ ಆಗೈತೆ. ಕೊಪ್ಪರಿಗೆ ತುಂಬ ಅನ್ನ, ಸಾರು, ಪಾಯಸ. ಪಂಕ್ತಿ ಕೂತೈತೆ, ಎಲೆ ಹಾಕೈತೆ. ಬಡಿಸೋರಿಲ್ಲ."

"ಬಡಿಸೋರು ಎಲ್ಲೋದ್ರು?"

"ಮದುವೆ ಮನೆಯೋರೇ ಜಗಳ ತೆಗ್ದು ಅವರನ್ನ ಓಡ್ಸಿಬಿಟ್ಟವ್ರೆ. ಯಾಕೆ ಜಗಳ ಅಂತ ಯಾರಿಗೂ ಗೊತ್ತಿಲ್ಲ. ಈಗ ಕೊಪ್ಪರಿಗೆ ತುಂಬಿ ಹೊರಗೆ ಚೆಲ್ತಾ ಐತೆ, ಅದೇ ಉಚ್ಚೆಯಾಗೆ ಹೋಗೋ ಸಕ್ಕರೆ. ಅಲ್ಲೇ ಎದುರಿಗೆ ಕೂತೋರು ಹಸ್ಕೊಂಡು ಸಾಯ್ತಾವ್ರೆ, ಅದು ನನ್ ಮಗಳು ಸೊರಗಿದ್ದು. ಹಸಿವು ತಡೀದೆ ಅವ್ರು ಚಪ್ಪರದ ಗಳ ಕಿತ್ತು ಒಲೆ ಹಚ್ಕೊಂಡವ್ರೆ. ಅದರ ಹೊಗೆ ಈ ವಾಸ್ನೆ. ಹಿಂಗೇ ಬಿಟ್ರೆ ಚಪ್ಪರ ಬಿದ್ದೋಗ್ತೈತೆ. ಡಾಕ್ಟ್ರು ಸೂಜಿಯಾಗೆ ಕೊಡ್ತಿರೋದು ಬಡಿಸೋರನ್ನ. ಹೊರಗಿಂದ ಕರ್ಸಿರೋರು."

ಹನುಮಕ್ಕ ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ತಲೆಯಾಡಿಸಲಿಲ್ಲ.

"ಒಂದ್ ಮಾತು ಕೇಳ್ತೀನಿ. ಬಡಿಸೋರು ಜಾಸ್ತಿ ಬಂದ್ಬಿಟ್ರೆ?"

ಇದನ್ನು ನಾನು ಹಾಲಮ್ಮನಿಗೆ ಹೇಳಿರಲಿಲ್ಲ. ಬಾಯಿ ಹಾಕಿದರೆ ಅರ್ಥ ಕೆಡುತ್ತದೆ, ಪದ್ಧತಿ ಹಾಗಿದೆ. ನಸೀಮಾ ಡಾಕ್ಟರು ಸೂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರೂ ಬಾಯಿ ಬಿಗಿಹಿಡಿದಿದ್ದರು.

ಹಾಲಮ್ಮ ಯೋಚಿಸಲೂ ಇಲ್ಲ. "ಜಾಸ್ತಿ ಬಂದ್ರೆ ಗಳಿಗೆಯಾಗೆ ಕೊಪ್ಪರಿಗೆ ಖಾಲಿ ಮಾಡ್ತಾರೆ. ಆಮೇಲೆ ಕೂತೋರಿಗೆ ತುತ್ತಿಲ್ಲ, ಅಲ್ಲೇ ಕಣ್ಣು ಕತ್ತಲೆ. ಅದಕ್ಕೇ ಎಲೆ ಎಷ್ಟೋ ಬಡಿಸೋರು ಅಷ್ಟೇ. ಅವರನ್ನ ಕರ್ಸೋಕೆ ಮುಂಚೆ ಅನ್ನ ಆಗೈತಾ ಅಂತ ನೋಡ್ಬೇಕು. ಸೂಜಿ ಹಾಕಿಸ್ಕೊಂಡು ಉಪಾಸ ಕೂತ್ಕೋಬಾರದು."

"ಇದು ಒಂದ್ ಮದುವೇಗಾ?"

"ಅಲ್ಲ. ದಿನಾ ಮದುವೆ, ದಿನಾ ಕರ್ಸ್ಬೇಕು." ಇಲ್ಲಿ ಮಾತ್ರ ಅವಳು ನನ್ನ ಕಡೆ ತಿರುಗಿದಳು. "ಅದೇ ಅಲ್ವಾ?"

ಕೇಳಿದ್ದಕ್ಕೆ ಉತ್ತರ ಕೊಡಲು ಅಡ್ಡಿಯಿಲ್ಲ. "ಅದೇ," ಎಂದೆ. "ಬದುಕಿರೋ ತನಕ."

"ಬದುಕಿರೋ ತನಕ," ಎಂದು ಅವಳು ಹನುಮಕ್ಕನಿಗೆ ಹೇಳಿದಳು. ಹನುಮಕ್ಕ ತಲೆಯಾಡಿಸಿದಳು. ನಾನು ಸೀಲು ಹಾಕಿದೆ. ಡಾಕ್ಟರು ಸಲೈನಿನ ನಳಿಕೆಗೆ ಸೂಜಿ ಚುಚ್ಚಿದರು.

ಒಂದು ಗಂಟೆಗೆ ನಾನೂರ ಇಪ್ಪತ್ತು. ಎರಡು ಗಂಟೆಗೆ ಮುನ್ನೂರ ಅರವತ್ತು. ಸಂಜೆ ಐದಕ್ಕೆ ಇನ್ನೂರ ಐವತ್ತು. ಆ ಹೊತ್ತಿಗೆ ಉಸಿರು ನಿಧಾನವಾಗಿತ್ತು. ಸಿದ್ದಿ ಕಣ್ಣು ಬಿಟ್ಟು ಬಾಯಾರಿಕೆ ಎಂದಳು. ಹಾಲಮ್ಮ ನೀರು ಕುಡಿಸಿ ಆಚೆ ಹೋದಳು. ಹ್ಯಾಂಡ್‌ಪಂಪಿನ ಬಳಿ ಕೂತು ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಮುಖ ತೊಳೆದುಕೊಂಡು ಒಳಗೆ ಬಂದಳು. ನಾನು ಕೊಟ್ರಪ್ಪನನ್ನು ವಾರ್ಡಿನ ಕೆಲಸಕ್ಕೆ ವಾಪಸು ಕಳಿಸಿದೆ. "ಇಷ್ಟು ದಿನ ಕೂತ್ಕೊಂಡೇ ಇದ್ದೆ, ಒಳ್ಳೆ ಕೆಲ್ಸ ಹೋಯ್ತು," ಎಂದು ಅವನು ಗೊಣಗಿದ. ನೋಟ್‌ಬುಕ್ಕನ್ನು ನಾನೇನೂ ಬಿಸಾಡಲಿಲ್ಲ. ಕಜ್ಜಿಗೆ ಅದು ಸಾಕು. ಮಾರನೆಯ ದಿನದಿಂದ ಕ್ಯೂ ಮತ್ತೆ ಬೇವಿನ ಮರದ ಕಡೆ ಬೆಳೆಯತೊಡಗಿತು. ಜನ ಬೈದರು. ಬೈಸಿಕೊಂಡೆ.

ಆದರೆ ಕೆಲಸ ಮುಗಿದಿರಲಿಲ್ಲ. ತಾಯಿ ಹೊತ್ತದ್ದು ಶನಿವಾರ ಮಧ್ಯಾಹ್ನದವರೆಗೆ ಮಾತ್ರ. ಅಷ್ಟರಲ್ಲಿ ಸಿದ್ದಿ ತಾನೇ ಹೇಳದಿದ್ದರೆ ಇನ್ಸುಲಿನ್ ಮತ್ತೆ ನೀರಾಗುತ್ತದೆ.

ಶುಕ್ರವಾರ ಅವಳ ಬಳಿ ಕೂತೆ. "ಅವ್ವ ಹೇಳಿದ್ದನ್ನೆಲ್ಲ ಕೇಳಿಸ್ಕೊಂಡಿದೀನಿ ಸಾರ್. ಪಂಕ್ತಿ, ಕೊಪ್ಪರಿಗೆ, ಚಪ್ಪರ. ಹೇಳ್ಲಾ?" ಎಂದು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣು ನೋಡಿಯೇ ನನಗೆ ಭಯವಾಯಿತು.

"ಬೇಡ," ಎಂದೆ. "ಕಣ್ಣು ಬಿಟ್ಟು ಹೇಳು. ಅವ್ವ ಹೇಳಿದ ಒಂದು ಮಾತೂ ಬರಬಾರದು. ನಾನು ಹೇಳಿದ್ದೂ ಬರಬಾರದು."

"ಮತ್ತೆ ಯಾರ್ದು ಹೇಳ್ಲಿ?" ಅವಳು ನಿಜಕ್ಕೂ ಗೊಂದಲಕ್ಕೆ ಬಿದ್ದಳು. ಹನ್ನೆರಡು ವರ್ಷ ಓದಿದ ಹುಡುಗಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವತ್ತು ಅವಳಿಂದ ಆಗಲಿಲ್ಲ. ಮೂರು ಸಲ ಶುರು ಮಾಡಿ ಮೂರು ಸಲವೂ ಯಾರದೋ ವಾಕ್ಯಕ್ಕೆ ಜಾರಿದಳು. ಸಿಟ್ಟು ಬಂದು ದಿಂಬನ್ನು ಗೋಡೆಗೆ ಎಸೆದಳು. "ಫೇಲಾದ್ರೆ ಹಿಂಗೇ ಅನ್ಸೋದಾ?" ಎಂದಳು. "ಹಿಂಗೇ," ಎಂದೆ. ನಾನು ಎರಡು ಸಲ ಫೇಲಾದವನು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳೇ ನಡೆದುಕೊಂಡು ನನ್ನ ಕೋಣೆಗೆ ಬಂದಳು. ಹಾಲಮ್ಮ ಹಿಂದೆ ಸಲೈನಿನ ಬಾಟಲಿ ಎತ್ತಿ ಹಿಡಿದಿದ್ದಳು. ಗೇಟಿನ ಬಳಿ ಚಪ್ಪಲಿ ಹೊಲಿಯುವ ದುರುಗಪ್ಪ ಅವತ್ತಿನ ಸಾಕ್ಷಿ. ಮುದುಕ, ಕಿವಿ ಚುರುಕು, ಬಾಯಿ ಇನ್ನೂ ಚುರುಕು.

ಸಿದ್ದಿ ಅವನ ಮುಖ ನೋಡುತ್ತಾ, ಒಂದೊಂದೇ ಮಾತನ್ನು ಹುಡುಕಿ ತೆಗೆಯುತ್ತಾ ಹೇಳಿದಳು. "ತಾತ, ನಾನು ಊಟ ಮಾಡ್ತೀನಿ. ಅದು ಸಕ್ಕರೆ ಆಗಿ ರಕ್ತಕ್ಕೆ ಬರ್ತೈತೆ. ಅಲ್ಲಿಗೆ ನಿಲ್ತೈತೆ. ಅಲ್ಲಿಂದ ನನ್ ಕೈಗೆ, ಕಾಲಿಗೆ, ತಲೆಗೆ..." ತಡವರಿಸಿದಳು. ಕಣ್ಣು ಮುಚ್ಚಲು ಹೋಗಿ ಮುಚ್ಚಲಿಲ್ಲ. "ಅಲ್ಲಿಗೆ ಹೋಗೋಕೆ ಒಂದು ವಸ್ತು ಬೇಕು. ಎಲ್ಲರ ಮೈಯೂ ಅದನ್ನ ತಾನೇ ಮಾಡ್ಕೊಂತೈತೆ. ನನ್ ಮೈ ಮಾಡ್ತಿತ್ತು, ಈಗ ಮಾಡಲ್ಲ. ಇನ್ಮೇಲೂ ಮಾಡಲ್ಲ. ಅದಕ್ಕೆ ಹೊರಗಿಂದ ಹಾಕ್ಬೇಕು, ಉಣ್ಣೋದಕ್ಕೆ ತಕ್ಕಂಗೆ. ಹಾಕಿದ್ರೆ ನಾನು ಎಲ್ಲರಂಗೆ ಇರ್ತೀನಿ. ಹಾಕ್ದಿದ್ರೆ ಇರಲ್ಲ."

"ನಿಮ್ಮವ್ವ ಮದುವೆ, ಪಂಕ್ತಿ ಅಂತೆಲ್ಲ ಹೇಳಿದ್ಲಂತೆ. ಊರೆಲ್ಲ ಅದೇ ಮಾತು, ಯಾಕಂತ ನಂಗೆ ತಿಳೀಲಿಲ್ಲ. ನಿಂದು ಬರೀ ಸಪ್ಪೆ," ಎಂದ ದುರುಗಪ್ಪ.

"ಅದು ಅವ್ವಂದು ತಾತ. ಸಪ್ಪೆ ಆದ್ರೂ ಇದು ನಂದು."

"ಹಂಗಾ. ನಿನ್ ಮೈ ಯಾಕೆ ನಿಲ್ಲಿಸ್ತು ಮತ್ತೆ?"

"ಗೊತ್ತಿಲ್ಲ."

"ಪುಸ್ತಕ ಓದ್ದೋಳು ಗೊತ್ತಿಲ್ಲ ಅಂತೀಯ?"

"ಪುಸ್ತಕ ಬರೆದೋರಿಗೂ ಗೊತ್ತಿಲ್ವಂತೆ. ಗೊತ್ತಾಗೋ ತನಕ ನಾನು ಕಾಯೋಕಾಗ್ತೈತಾ? ಊಟದ ಹೊತ್ತಾಗ್ತೈತೆ."

ದುರುಗಪ್ಪ ಗಹಗಹಿಸಿ ನಕ್ಕ. ನಗುತ್ತಲೇ ತಲೆಯಾಡಿಸಿದ. ನಾನು ಸೀಲಿನ ಪ್ಯಾಡು ತೆರೆದೆ. ಹಾಲಮ್ಮ ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು. ಹನ್ನೆರಡು ಗಂಟೆಗೆ ಅವಳು ಹೊತ್ತದ್ದು ಇಳಿದುಹೋಯಿತು. ಸಿದ್ದಿಯ ಸಕ್ಕರೆ ನೂರ ಎಂಬತ್ತರಲ್ಲೇ ನಿಂತಿತ್ತು, ಮತ್ತೆ ಮೇಲೇರಲಿಲ್ಲ.

ಊಟದ ತಟ್ಟೆ ಬಂದಾಗ ನರ್ಸು ಸಿರಿಂಜಿಗೆ ಇನ್ಸುಲಿನ್ ಎಳೆದು ಸಿದ್ದಿಯ ತೋಳು ಹಿಡಿಯಲು ಹೋದರು. ಸಿದ್ದಿ ತೋಳು ಹಿಂದಕ್ಕೆಳೆದುಕೊಂಡು ಅಂಗೈ ಮುಂದೆ ಚಾಚಿದಳು.

"ಚುಚ್ಚೋದು ಹೆಂಗೆ ಅಂತ ಹೇಳ್ಕೊಡಿ ಸಿಸ್ಟರ್. ನಾಳೆ ನೀವು ನಮ್ಮನೇಗೆ ಬರಲ್ಲ."

ಮೊದಲ ಸಲ ಸೂಜಿ ಓರೆಯಾಗಿ ರಕ್ತ ಬಂತು, ಹಾಲಮ್ಮ ಮುಖ ತಿರುಗಿಸಿದಳು. ಎರಡನೆಯ ಸಲ ನೆಟ್ಟಗೆ ಹೋಯಿತು. ಸಿದ್ದಿ ಮೆಲ್ಲಗೆ ಹತ್ತರವರೆಗೆ ಎಣಿಸಿ ಸೂಜಿ ತೆಗೆದಳು, ತಟ್ಟೆ ಎಳೆದುಕೊಂಡು ಅನ್ನ ಕಲಸತೊಡಗಿದಳು.